ಆಷಾಢದ ಅಳಿಯನಿಗೆ ತೆಳ್ಳಗಿನ ಪುಸ್ತಕ

ನನ್ನ ಅಳಿಯ ಪುಸ್ತಕದ ಹುಳು ಎಂದು ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ಬರೆದಿದ್ದೆ. ನೆನಪಿದೆಯಾ? ಇದ್ದರೆ ದಯವಿಟ್ಟು ಮರೆತುಬಿಡಿ.

ಆದದ್ದು ಹೀಗೆ. ಬೇಸಿಗೆ ಬಂದರೆ ಸಾಕು, ಎಲ್ಲರೂ ‘ರಜೆಯಲ್ಲಿ ಓದಲೇಬೇಕಾದ ಪುಸ್ತಕಗಳು’ ಅಂತ ಪಟ್ಟಿ ಹಿಡಿದು ನಿಲ್ಲುತ್ತಾರೆ. ನಾನು ಬೇರೆ ಏನಾದರೂ ಮಾಡೋಣ ಅಂತ ‘ಆಷಾಢದ ಓದು’ ಶುರು ಮಾಡಿದೆ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಚೌಟ್ರಿ ಊಟ ಇಲ್ಲ. ಮನುಷ್ಯ ಇನ್ನೇನು ಮಾಡಬೇಕು? ಓದಬೇಕು. ಐಡಿಯಾ ಹೊಳೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ (ಮನೆಯಲ್ಲಿ ಬೇರೆ ಯಾರೂ ತಟ್ಟುವುದಿಲ್ಲ).

ಅದೇ ಹೊತ್ತಿಗೆ ಮಗಳು ಚೈತ್ರ ತವರಿಗೆ ಬಂದಳು. ಮದುವೆಯಾದ ಮೊದಲ ವರ್ಷ. ನಮ್ಮ ಕಡೆಯ ಶಾಸ್ತ್ರ ನಿಮಗೆ ಗೊತ್ತಲ್ಲ, ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಮನೆಯಲ್ಲಿ ಇರುವಂತಿಲ್ಲ. ಅಳಿಯನೂ ಅಷ್ಟೇ, ಅತ್ತೆ ಮನೆಯ ಹೊಸಿಲು ದಾಟುವಂತಿಲ್ಲ. ಅಳಿಯ ಮಧು ನಾಗಮಂಗಲದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾವಿರುವುದು ಶ್ರೀರಂಗಪಟ್ಟಣದಲ್ಲಿ. ಒಂದು ತಿಂಗಳು ಅವನು ಅಲ್ಲಿ, ಇವಳು ಇಲ್ಲಿ.

ಮೊದಲ ಭಾನುವಾರವೇ ಮನೆ ಮುಂದೆ ಬೈಕಿನ ಸದ್ದು. ನೋಡಿದರೆ ಮಧು, ಹೆಲ್ಮೆಟ್ ಹಿಡಿದುಕೊಂಡು ಜಗುಲಿಯ ಮೇಲೆ ನಿಂತಿದ್ದಾನೆ. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಗಡಬಡಿಸಿ ಅಡುಗೆಮನೆ ಸೇರಿದಳು.

“ಒಳಿಕ್ಕೆ ಬರಾಕಿಲ್ಲ ಮಾವ. ಪೇಪರ್‌ನಲ್ಲಿ ನಿಮ್ ಆಷಾಢದ ಪಟ್ಟಿ ನೋಡ್ದೆ. ಒಂದು ಪುಸ್ತಕ ಕೊಟ್ರೆ ಓದ್ತೀನಿ,” ಅಂದ.

ಓದುಗರೇ, ಅಂಕಣಕಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೇ? ಸ್ವಂತ ಹೆಂಡತಿ ನನ್ನ ಅಂಕಣ ನೋಡುವುದು ಡಬ್ಬಿಗಳ ಕೆಳಗೆ ಪೇಪರ್ ಹಾಸುವಾಗ ಮಾತ್ರ. ನನಗೆ ಕಣ್ಣು ತುಂಬಿಬಂತು. “ಚೈತ್ರಾ, ಆ ಅಕ್ಕಿ ಗಿರಣಿ ರಂಗಪ್ಪನ ಕಾದಂಬರಿ ತಗೊಂಡು ಬಾಮ್ಮ” ಅಂದೆ. ನನ್ನ ಪಟ್ಟಿಯಲ್ಲಿ ಮೊದಲನೆಯದು ಅದೇ, ಇಟ್ಟಿಗೆಯಷ್ಟು ದಪ್ಪ. ಮಗಳು ತಂದುಕೊಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ನಾನು ಕುರ್ಚಿ ಎಳೆದು ಅವರಿಬ್ಬರ ನಡುವೆ ಹಾಕಿಕೊಂಡು ಕೂತೆ. ಇಡೀ ಕಾದಂಬರಿಯ ಕತೆಯನ್ನು ಅವನಿಗೆ ಮೊದಲಿಂದ ಕೊನೆವರೆಗೂ ಬಿಡಿಸಿ ಹೇಳಿದೆ. ಹುಡುಗ ಮಿಸುಕಾಡದೆ ಕೇಳಿದ. ಎಂಥಾ ಶ್ರದ್ಧೆ ಅಂದುಕೊಂಡೆ.

ನಾಲ್ಕೇ ದಿನಕ್ಕೆ ವಾಪಸ್ ಬಂದ. “ಓದಿ ಮುಗಿಸ್ಬುಟ್ಟೆ ಮಾವ. ಇನ್ಮೇಲೆ ತೆಳ್ಳುಗಿರೋವು ಕೊಡಿ, ಬಿರ್ರನೆ ಓದಿ ತಂದ್ಕೊಡ್ತೀನಿ.”

ತೆಳ್ಳಗಿರುವುದು ಬೇಗ ಮುಗಿಯುತ್ತದೆ. ಬೇಗ ಮುಗಿದರೆ ಬೇಗ ವಾಪಸ್ ತರಬೇಕು. ತರುವುದಕ್ಕೆ ಶ್ರೀರಂಗಪಟ್ಟಣಕ್ಕೇ ಬರಬೇಕು. ಇಷ್ಟು ಸಣ್ಣ ಲೆಕ್ಕ ನನ್ನ ದೊಡ್ಡ ತಲೆಗೆ ಹೋಗಬೇಕಲ್ಲ! ಅವನು ಬಂದಾಗಲೆಲ್ಲ ನಾನು ಅದೇ ಕುರ್ಚಿ, ಅದೇ ನಡುವೆ, ಅದೇ ಕತೆ. ಸಾಲದ್ದಕ್ಕೆ ಅಂಕಣದಲ್ಲೂ ಬರೆದೆ: ಓದು ಸತ್ತಿತು ಅನ್ನುವವರು ಯಾರು? ನಾಗಮಂಗಲದಿಂದ ಬೈಕ್ ಹತ್ತಿ ಪುಸ್ತಕಕ್ಕಾಗಿ ಬರುವ ನನ್ನ ಅಳಿಯನನ್ನು ನೋಡಿ!

ನೋಡಿದರು. ಕೆ.ಆರ್. ಪೇಟೆಯ ಓದುಗರೊಬ್ಬರು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಕಳಿಸಿದರು. ಪಾಂಡವಪುರದ ಒಂದು ಓದುಗರ ಬಳಗದವರು ಫೋನ್ ಮಾಡಿ, “ಸಾರ್, ಅವ್ರನ್ನ ಕರ್ಕೊಂಡು ಬನ್ನಿ. ಓದಿದ ಪುಸ್ತಕದ ಬಗ್ಗೆ ನಾಕು ಮಾತಾಡ್ಲಿ. ಶಾಲು ಹೊದಿಸ್ತೀವಿ,” ಅಂದರು. ಮಧುಗೆ ಹೇಳಿದೆ. ಅವನು ಹೆಲ್ಮೆಟ್ ತಿರುಗಿಸುತ್ತಾ, “ಚೈತ್ರಾನೂ ಬತ್ತಾಳಾ?” ಅಂತ ಕೇಳಿದ. ಬರುತ್ತಾಳೆ ಅಂದೆ. “ಅಂಗಾರೆ ಬತ್ತೀನಿ.”

ಆ ಭಾನುವಾರ ಬೆಳಿಗ್ಗೆ ಇಸ್ತ್ರಿ ಷರಟು ಹಾಕಿಕೊಂಡು ಹೊರಟಿದ್ದೆ. ಹೆಂಡತಿ ಕಾಫಿ ಲೋಟ ಕೊಡುತ್ತಾ ಕೇಳಿದಳು, “ಅಲ್ಲ ಕಣ್ರೀ, ಅಳಿಯಂದ್ರು ಪುಸ್ತಕಕ್ಕೆ ಬತ್ತಾವ್ರೆ ಅಂತ ನೀವು ನಿಜವಾಗ್ಲೂ ನಂಬ್ಕಂಡಿದ್ದೀರಾ?”

“ಮತ್ತೆ ಇನ್ಯಾತಕ್ಕೆ?”

“ಹೊಸ್ದಾಗಿ ಮದ್ವೆ ಆಗಿರೋ ಹುಡುಗ. ಹೆಂಡ್ತಿ ಮುಖ ನೋಡಕ್ಕೆ ಬತ್ತಾವ್ರೆ. ನೀವು ಮಧ್ಯಕ್ಕೆ ಕುರ್ಚಿ ಹಾಕ್ಕಂಡು ಕೂತ್ಕತ್ತೀರಲ್ಲ, ಅಡುಗೆಮನೇಲಿ ನಂಗೇ ನಾಚ್ಕೆ ಆಯ್ತಿತ್ತು.”

“ಮೊದಲೇ ಹೇಳೋಕೇನಾಗಿತ್ತು?”

“ಪಾಪ, ಖುಷಿಯಾಗಿದ್ರಿ. ಸುಮ್ಕಿದ್ದೆ.”

ಕಾಫಿ ಲೋಟ ಕೆಳಗಿಟ್ಟೆ. ಹುಡುಗ ಒಂದು ಪುಟವನ್ನೂ ಓದಿಲ್ಲ. ಇನ್ನೊಂದು ಗಂಟೆಗೆ ಮೈಕ್ ಮುಂದೆ ನಿಲ್ಲಬೇಕು. ಅವನ ಮರ್ಯಾದೆ ಹೋಗುತ್ತದೆ, ಅದಕ್ಕೆ ಕಾರಣ ನನ್ನ ಅಂಕಣ. ದಾರಿಯುದ್ದಕ್ಕೂ ಪಾಂಡವಪುರದಲ್ಲಿ ಕರೆಂಟ್ ಹೋಗಲಿ ಅಂತ ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಕರೆಂಟ್ ಇತ್ತು. ಶಾಲೆಯ ಒಂದು ಕೋಣೆ, ಅದರ ತುಂಬಾ ಜನ. ನಾನು, ಚೈತ್ರ ಮುಂದಿನ ಸಾಲಿನಲ್ಲಿ ಕೂತೆವು. ನಾಗಮಂಗಲದಿಂದ ನೇರ ಅಲ್ಲಿಗೇ ಬಂದಿದ್ದ ಮಧು ಎದ್ದು ನಿಂತ. ಅವನು ರಂಗಪ್ಪನ ಗಿರಣಿಯಿಂದ ಶುರು ಮಾಡಿದ. ಎಂಥಾ ಮಾತು! ಗಿರಣಿಯ ಧೂಳು, ಅಣ್ಣತಮ್ಮಂದಿರ ಜಗಳ, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಹೌದು, ಜಗುಲಿಯ ಮೇಲೆ ನಾನು ಹೇಳಿದ್ದೇ, ಅಕ್ಷರವೂ ಬಿಡದೆ. ಮಧ್ಯೆ ನಾನು ಕೆಮ್ಮುವ ಕಡೆ ಅವನೂ ಕೆಮ್ಮಿದ.

“ಕೊನೇಗೆ ರಂಗಪ್ಪ ಜ್ವರದಲ್ಲಿ ಸತ್ತೋಯ್ತಾನೆ. ಗಿರಣಿ ಬಾಗ್ಲು ಮುಚ್ಚೋಯ್ತದೆ. ಆ ಸಾವು ಓದಿ ಕಣ್ಣೀರು ಬರ್ಲಿಲ್ಲ ಅಂದ್ರೆ ಅವ್ನು ಮನುಷ್ಯನೇ ಅಲ್ಲ,” ಅಂದ. ಅದೂ ನನ್ನದೇ ಡೈಲಾಗು. ಬಚಾವಾದೆ ಅಂತ ಉಸಿರುಬಿಟ್ಟೆ.

ಹಿಂದಿನಿಂದ ರಿಟೈರ್ಡ್ ಟೀಚರ್ ಒಬ್ಬರು ಎದ್ದರು. “ರಂಗಪ್ಪ ಎಲ್ಲಪ್ಪಾ ಸಾಯ್ತಾನೆ? ಜ್ವರ ಬಿಡುತ್ತಲ್ಲ. ಎದ್ದು ಕೂತು ಗಿರಣಿ ಬೀಗದ ಕೈನ ಸೊಸೆಗೆ ಕೊಡ್ತಾನೆ. ಆಮೇಲಿಂದ ಇನ್ನೂ ಅರ್ಧ ಪುಸ್ತಕ ಇದೆ!”

ಚೈತ್ರ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಅಪ್ಪಾ, ಅವ್ರು ಹೇಳ್ತಿರೋದು ಸರಿ. ಪುಸ್ತಕ ವಾಪಸ್ ಬಂದ್ಮೇಲೆ ನಾನು ಪೂರ್ತಿ ಓದಿದೆ. ಎದ್ದು ಹೇಳಪ್ಪ.”

ಏನಂತ ಹೇಳಲಿ? ರಂಗಪ್ಪನಿಗೆ ಜ್ವರ ಬಂದ ಪುಟದಲ್ಲಿ ನನಗೆ ಪೇಪರಿಗೆ ಪಟ್ಟಿ ಕೊಡುವ ಅವಸರ ಬಂದಿತ್ತು. ಇವನಿನ್ನು ಬದುಕುವುದಿಲ್ಲ ಅಂತ ನಾನೇ ತೀರ್ಮಾನಿಸಿ ಪುಸ್ತಕ ಮುಚ್ಚಿದ್ದೆ. ಈಗಲಾದರೂ ಎದ್ದೆನಾ? ಇಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದೆ (ಬಾಟಲಿ ಖಾಲಿ ಇತ್ತು).

ಮಧು ನನ್ನ ಕಡೆ ಒಮ್ಮೆ ನೋಡಿದ. “ತಪ್ಪಾಯ್ತು ಮೇಡಂ. ನಮ್ ಮಾವ ಪೂರ್ತಿ ಓದು ಅಂತ್ಲೇ ಕೊಟ್ಟಿದ್ರು. ನಾನೇ ಅರ್ಧಕ್ಕೆ ಬುಟ್ಬುಟ್ಟು ಕತೆ ಕಟ್ದೆ.”

ಜನ ಗೊಳ್ಳೆಂದು ನಕ್ಕರು. ಆಮೇಲೆ ನಿಜ ಹೇಳಿದನಲ್ಲ ಅಂತ ಚಪ್ಪಾಳೆ ಹೊಡೆದು ಶಾಲನ್ನೂ ಹೊದಿಸಿದರು. ಒಂದೊಂದು ಚಪ್ಪಾಳೆಯೂ ನನ್ನ ಕೆನ್ನೆಯ ಮೇಲೆ ಬಿದ್ದ ಹಾಗಾಯಿತು.

ಹೊರಗೆ ಟೀ ಅಂಗಡಿಯಲ್ಲಿ ಕೇಳಿದೆ, “ಯಾಕಪ್ಪ ಮಧು, ತಪ್ಪು ನಿನ್ನ ಮೇಲೆ ಹಾಕ್ಕೊಂಡೆ?”

“ನನ್ ಮಾನ ಹೋದ್ರೆ ಇಲ್ಲಿ ಒಂದಿನ ಹೋಯ್ತದೆ ಮಾವ. ನೀವು ಅಂಗಲ್ಲ, ವಾರವಾರ ಪೇಪರ್‌ನಲ್ಲಿ ಬರ್ಬೇಕಲ್ಲ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿನಗೆ ಏನು ಬೇಕು ಕೇಳಪ್ಪ ಅಂದೆ. ಅವನು ಚೈತ್ರಳ ಮುಖ ನೋಡಿದ, ಹೆಲ್ಮೆಟ್ ನೋಡಿದ. “ಪುಸ್ತಕ ಕೊಡ್ತಾ ಇರಿ ಮಾವ. ಕತೆ ಮಾತ್ರ ಹೇಳ್ಬೇಡಿ.”

ಮೊನ್ನೆ ಮತ್ತೆ ಬಂದಿದ್ದ. ಒಂದು ತೆಳ್ಳಗಿನ ಪುಸ್ತಕವನ್ನು ಮಗಳ ಕೈಗೆ ಕೊಟ್ಟು, ಕುರ್ಚಿ ಎತ್ತಿಕೊಂಡು ನಾನು ಒಳಗೆ ಬಂದೆ. ರಂಗಪ್ಪನ ಜ್ವರದ ಪುಟ ತೆಗೆದೆ. ನಿಜ ಹೇಳಲಾ? ಕಾದಂಬರಿ ಚೆನ್ನಾಗಿರುವುದೇ ಅಲ್ಲಿಂದ ಮುಂದೆ. ಜಗುಲಿಯ ಕಡೆಯಿಂದ ಮಗಳ ನಗು ಕೇಳಿಸುತ್ತಿತ್ತು. ಏನು ತಮಾಷೆ ಅಂತ ಕತ್ತು ಚಾಚಿದೆ. “ಪುಟ ತಿರುವ್ರಿ, ಅತ್ಲಾಗ್ ನೋಡ್ಬೇಡಿ,” ಅಂತ ಅಡುಗೆಮನೆಯಿಂದ ದನಿ ಬಂತು.

ಕೆ.ಆರ್. ಪೇಟೆಯ ಅದೇ ಓದುಗರು ಮತ್ತೆ ಮೆಸೇಜ್ ಮಾಡಿದ್ದಾರೆ: ಆಷಾಢ ಮುಗಿಯುವುದರೊಳಗೆ ಇನ್ನೊಂದು ಒಳ್ಳೆಯ ಸಲಹೆ ಕೊಡಿ ಸಾರ್ ಅಂತ.

ಕೊಡುತ್ತೇನೆ: ಅಳಿಯ ಜಗುಲಿಗೆ ಬಂದರೆ ತೆಳ್ಳಗಿನ ಪುಸ್ತಕ ಅವನಿಗೆ ಕೊಡಿ, ದಪ್ಪಗಿನದು ಹಿಡಿದುಕೊಂಡು ನೀವು ಒಳಗೆ ಹೋಗಿ.