ಪ್ಲಗ್ಗಿಗಾಗಿ ಕತ್ತರಿಸಿದ ಕೌದಿ

ಔರಂಗಾಬಾದಿನ ಆ ಬಾಡಿಗಿ ಮನ್ಯಾಗ ಮುಂದೊಂದು ಸಣ್ಣ ಪಡಸಾಲಿ, ಒಳಗ ಮೂರು ಖೋಲಿ ಇದ್ದವು. ಈಗ ಆ ಊರಿಗೆ ಸಂಭಾಜಿನಗರ ಅಂತಾರ. ಅನ್ನಲಿ, ನನಗ ನಾಲಿಗಿ ತಿರುಗಲ್ಲ. ಒಂದರಾಗ ಅಡಿಗಿ, ಒಂದರಾಗ ನಾವು ಮಲಗೋದು. ಗಾಳಿ ಬೆಳಕು ಚೊಲೊ ಬರೋ ಮೂರನೇ ಖೋಲಿ ನಮ್ಮ ಮನಿಯವರು ರೇಡಿಯೋಗ್ರಾಮಿಗೆ ಕೊಟ್ಟರು. ಮನುಷ್ಯಾರಿಗಲ್ಲ, ರೇಡಿಯೋನೂ ಹಾಡಿನ ತಟ್ಟಿನೂ ಬಾರಸೋ ಕಟ್ಟಿಗಿ ಪೆಟಗಿಗೆ.

ಪೆಟಗಿ ನಾಶಿಕದಾಗ ಇದ್ದಾಗಲೇ ತಂದದ್ದು. ಅಲ್ಲಿ ಪಡಸಾಲ್ಯಾಗ ಇತ್ತು. ನಾ ರೊಟ್ಟಿ ಬಡಿಯೋ ಸಪ್ಪಳದಾಗೇ ಹಾಡು ಕೇಳ್ತಿದ್ದರು, ಯಾರೂ ಸತ್ತಿಲ್ಲ. ಇಲ್ಲಿಗೆ ಬದಲಿ ಆಗಿ ಬಂದ ಮ್ಯಾಲ ಆಫೀಸಿನ ಒಬ್ಬ ಮರಾಠಿ ಗೆಳೆಯಾ ಅವರ ತಲಿ ಕೆಡಿಸಿದ. ಬರೇ ಕಲ್ಲಿನ ಗೋಡಿಗೆ ದನಿ ಬಡದು ತಿರುಗಿ ಬರ್ತದಂತ. ಗೋಡಿಗೆ ದಪ್ಪಂದು ಏನರ ಹೊಚ್ಚಿದ್ರ ಹಾಡೋರು ಎದುರಿಗೇ ಕೂತಂಗ ಕೇಳಸ್ತದಂತ. ಇಬ್ಬರೂ ಕೂಡಿ ಒಂದು ಹಳೇ ಗಾದಿ ಹರಿದರು, ಅದರಾಗಿನ ತೆಂಗಿನ ನಾರು ಗೋಣಿಚೀಲಕ್ಕ ತುಂಬಿದರು, ಗೋಡಿಗೆ ಮೊಳಿ ಬಡದು ಹಚ್ಚಿದರು. ಮನಿ ತುಂಬ ನಾರಿನ ಧೂಳು. ಬಳಿಯೋದು ನಾನು.

ಒಂದಿನ ಚಹಾ ತಗೊಂಡು ಒಳಗ ಹೋದೆ. ಆ ಗೆಳೆಯಾ ತುಟಿ ಮ್ಯಾಲ ಬೆರಳಿಟ್ಟು, "ವಹಿನಿ, ಕೈ ಬಳಿ ಸಪ್ಪಳ" ಅಂದ.

"ಬಳಿ ತಗದು ಬರ್ಲ್ಯಾ?" ಅಂದೆ. "ಅದಕ್ಕ ಮೊದಲ ನಿಮ್ಮ ಗೆಳೆಯಾ ಸಾಯಬೇಕಾಗ್ತದ. ನಡೀತದೇನ್ ನೋಡ್ರಿ, ಇಲ್ಲೇ ಕೂತಾರ, ಕೇಳ್ರಿ."

ನಮ್ಮವರು ಕಣ್ಣು ಕೆಕ್ಕರಿಸಿ ನೋಡಿದರು. ಚಹಾ ಮಾತ್ರ ಕುಡದರು.

ಮೂರು ಗೋಡಿ ಆಗೂತನ ನಾರು ಮುಗೀತು. ಉಳದದ್ದು ಪ್ಲಗ್ಗಿದ್ದ ಗೋಡಿ. ನಾ ಬಜಾರಕ್ಕ ಹೋದಾಗ ನಮ್ಮವರು ನನ್ನ ಟ್ರಂಕು ತಗದು ನಮ್ಮವ್ವನ ಕೌದಿ ತಗೊಂಡಾರ.

ಅದು ನಮ್ಮವ್ವ ಕಲಬುರ್ಗಿ ಕಡಿ ನಮ್ಮ ಹಳ್ಳ್ಯಾಗ ಕೂತು ತನ್ನ ಹಳೇ ಸೀರಿ ಜೋಡಿಸಿ ಹೊಲದದ್ದು. ನನ್ನ ಬಾಣಂತನ ಎಲ್ಲಾ ಅದರಾಗೇ ಆದವು. ನಾಶಿಕಕ್ಕ ಕೊಟ್ಟ ಹಿರಿ ಮಗಳು ಆಗ ಚೊಚ್ಚಲ ಬಸಿರಿ. ಅಕಿ ಹಡೀಲಾಕ ಬರ್ತಾಳಂತ ಕೌದಿ ಝಾಡಿಸಿ, ಬಿಸಲಿಗೆ ಹಾಕಿ, ಮಡಚಿ ಇಟ್ಟಿದ್ದೆ. ನಮ್ಮ ಕಡಿ ಕೌದಿ ಮುಗಿಸೋಮುಂದ ಕಡೀ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಹೊಲಿಗಿ ಮುಚ್ಚತಾರ. ಕೌದಿ ಹೊಟ್ಟಿ ಬರಿದಿದ್ರ ಹೊಚ್ಚಿಕೊಂಡವರೂ ಉಪವಾಸ ಬೀಳ್ತಾರಂತ. ರೊಟ್ಟಿ ವಾಸನಿಗೆ ಇಲಿ ಬರಬಾರದಂತ ತಗಡಿನ ಟ್ರಂಕಿನಾಗ ಬೇವಿನ ತಪ್ಪಲ ಹಾಕಿ ಇಡೋದು.

ನಾ ತಿರುಗಿ ಬಂದು ನೋಡ್ತೀನಿ, ಕೌದಿ ಗೋಡಿ ಮ್ಯಾಲ. ಪ್ಲಗ್ಗು ಹೊರಗ ಬರ್ಲಾಕ ಒಂದು ಮೂಲಿ ಚೌಕಾಗಿ ಕತ್ತರಿಸ್ಯಾರ.

"ಏನ್ರಿ ಇದು?"

"ಪ್ಲಗ್ಗಿನ ಬೋರ್ಡಿನ ಹಿಂದ ಗೋಡಿ ಟೊಳ್ಳ ಅದ. ದನಿ ಅಲ್ಲೇ ಹೊಕ್ಕು ಗುಂಯ್ ಅಂತಿತ್ತು. ಕತ್ತರಿಸಿದ ತುಂಡು ಅದರಾಗೇ ತುರುಕೀನಿ. ಒಂದು ಚೂರೂ ಹಾಳ ಮಾಡಿಲ್ಲ ನೋಡು."

"ಅದು ರೊಟ್ಟಿ ಇದ್ದ ಮೂಲಿರಿ. ಇಲಿ ಬರ್ತಾವ."

"ನಿಮ್ಮವ್ವನ ರೊಟ್ಟಿ ಇಲೀನೂ ತಿನ್ನಲ್ಲ ಬಿಡು."

ಸತ್ತಾಕಿ ಮ್ಯಾಲ ಆಡಿದ ಮಾತು. ಮದುವ್ಯಾದ ಹೊಸದಾಗ ನಮ್ಮ ತವರಿಗೆ ಬಂದಾಗೊಮ್ಮಿ ಅದೇ ರೊಟ್ಟಿ ಬಿಟ್ಟೂ ಬಿಡದೆ ತಿಂದ ಮನುಷ್ಯಾ ಇವರು. ಅವತ್ತಿನಿಂದ ಅವರ ಜೋಡಿ ಮಾತು ಬಿಟ್ಟೆ.

ಮಗಳು ಬಂದಳು. ನಾಶಿಕದಿಂದ ಯೇವಲಾ ಊರಿನ ಮ್ಯಾಲಿಂದ ಬರೋ ಬಸ್ಸಿನಾಗ ಕೂತು ಕೂತು ಕಾಲು ಬಾತಿದ್ದವು. ಅಕಿಗೆ ಆ ಖೋಲಿ ಬೇಕು, ಕೌದಿ ಬೇಕು ಅಂತ ಮಾತು ಬಿಟ್ಟದ್ದನ್ನೂ ಮರೆತು ಕೇಳಿದೆ.

"ಮಲಗಲಿ, ಯಾರು ಬ್ಯಾಡಂದ್ರು? ಹೊರಗಿನ ಗದ್ದಲಾನೂ ಕೇಳಸಲ್ಲ. ಗೋಡಿ ಮಾತ್ರ ಮುಟ್ಟಬ್ಯಾಡ್ರಿ" ಅಂದರು.

ಗೋಡಿಗೆ ಕೌದಿ, ತುಂಬಿದ ಬಸಿರಿಗೆ ಬರೇ ಚಾದರ. ಮಗಳು, "ಇರಲಿ ಬಿಡವ್ವಾ, ಅಪ್ಪಗ ಹಾಡಿನ ಮ್ಯಾಲ ಅಷ್ಟು ಆಸಿ ಅದ" ಅಂದಳು. ಅಕಿ ಮ್ಯಾಲೂ ಸಿಟ್ಟು ಬಂತು.

ಒಂದು ಐತವಾರ, ಆಫೀಸಿಗೆ ಸೂಟಿ ಇದ್ದ ದಿನ, ಮಧ್ಯಾಹ್ನ. ಮಗಳು ಆ ಗೋಡಿ ಕೆಳಗೇ ಚಾಪಿ ಮ್ಯಾಲ ನಿದ್ದಿ ಹತ್ತಿ ಮಲಗಿದ್ದಳು. ಇವರು ಕುರ್ಚ್ಯಾಗ ಕೂತು, ತಟ್ಟಿ ಹಚ್ಚಿ, ಕಣ್ಣು ಮುಚ್ಚಿ ತಲಿ ತೂಗ್ಲಾಕತ್ತಿದ್ದರು. ಅಡಿಗಿ ಮನ್ಯಾಗ ನನ್ನ ಮೂಗಿಗೆ ಬಟ್ಟಿ ಸುಟ್ಟ ವಾಸನಿ ಬಡೀತು. ಹೋಗಿ ನೋಡಿದ್ರ ಪ್ಲಗ್ಗಿನ ಸುತ್ತ ಕೌದ್ಯಾಗಿಂದ ಹೊಗಿ. ಓಡಿ ಬಾಗಲ ಕಡಿಯ ಮೇನ್ ಸ್ವಿಚ್ ಎಳದೆ. ಹಾಡು ಗಕ್ಕನ ನಿಂತಿತು.

"ಏ! ಕರೆಂಟ್ ಯಾಕ ತಗದಿ? ಹಾಡಿನಾಗ ಎಂಥಾ ಜಾಗಾ ಬಂದಿತ್ತು!" ಕಣ್ಣು ಇನ್ನೂ ತಗದಿಲ್ಲ ಮಹಾರಾಯ.

"ಕಣ್ಣು ತಗೀರಿ! ಮಗಳು ಸುಡ್ತಾಳ!"

ಮಗಳ ರಟ್ಟಿ ಹಿಡದು ಹೊರಗ ಎಳದೆ. ಕೌದಿ ಮೊಳಿ ಸಮೇತ ಕಿತ್ತೆ. ಹರವ್ಯಾಗಿನ ಕುಡಿಯೋ ನೀರೆಲ್ಲಾ ಸುರವಿದೆ. ಬೋರ್ಡು ಬಿಚ್ಚಿದಾಗ ಒಳಗ ಕರ್ರಗ ಸುಟ್ಟ ಒಂದು ಇಲಿ, ಕಡದ ವೈರು, ಅರ್ಧ ಸುಟ್ಟ ಕೌದಿ ತುಂಡು. ರೊಟ್ಟಿ ಇರಲಿಲ್ಲ.

"ನಮ್ಮವ್ವನ ರೊಟ್ಟಿ ತಿಂದದ ನೋಡ್ರಿ" ಅಂದೆ.

ಆ ಮನುಷ್ಯಾ ಆವಾಗೂ ಏನಂದ ಗೊತ್ತದೇನು? "ಪ್ಲಗ್ಗಿನ ಸುತ್ತ ಒಂದು ಗೇಣು ಬಿಟ್ಟು ಉಳದದ್ದು ಹಂಗೇ ಇರಲಿ."

ಇರಗೊಡಲಿಲ್ಲ. ಅವತ್ತೇ ನಾಲ್ಕೂ ಗೋಡಿ ಬರಿದು ಮಾಡಿದೆ. ಆ ನಾರು ಮುಂದ ಬಾಣಂತಿ ಎರಕೊಳ್ಳೋ ನೀರಿನ ಒಲಿಗೆ ಹಾಕಿದೆ. ಚೊಲೊ ಉರೀತು. ಪೆಟಗಿ ಪಡಸಾಲಿಗೆ ದಬ್ಬಿದೆ.

ಕೌದಿ ತೂತಿಗೆ ತ್ಯಾಪಿ ಹಚ್ಚಲಾಕ ದಪ್ಪ ಬಟ್ಟಿ ಬೇಕಿತ್ತು. ರೇಡಿಯೋಗ್ರಾಮಿನ ಮುಂದ, ದನಿ ಬರೋ ಕಡಿ, ಜರಿ ಎಳಿ ಹಾಕಿ ನೇಯ್ದ ಬಟ್ಟಿ ಇತ್ತಲ್ಲ, ಕತ್ತರಿ ತಗೊಂಡು ಅದನ್ನೇ ಚೌಕಾಗಿ ತಗದೆ. ಹೊಸಾ ರೊಟ್ಟಿ ಚೂರು ಇಟ್ಟು, ಕೌದಿಗೆ ಹೊಲದೆ. ಕೂಸು ಹುಟ್ಟಿ ಮನಿಗೆ ಬಂದಾಗ ಆ ಖೋಲ್ಯಾಗೇ, ಆ ಕೌದ್ಯಾಗೇ ಮಲಗಿಸಿದೆ.

ಬಟ್ಟಿ ಕತ್ತರಿಸಿದ ದಿನ ಆಫೀಸಿನಿಂದ ಬಂದು ಪೆಟಗಿ ನೋಡಿ ಇವರು ಒದರ್ತಾರ, ಮನಿ ಎತ್ತಿ ಹಾಕ್ತಾರ ಅಂತ ಸೆರಗು ಬಿಗದು ನಿಂತಿದ್ದೆ. ಒದರಲಿಲ್ಲ. ತಟ್ಟಿ ಹಚ್ಚಿ, ಕುಕ್ಕರಗಾಲಿಲೆ ಕೂತು, ಆ ತೂತಿಗೆ ಕಿವಿ ಕೊಟ್ಟು ಭಾಳ ಹೊತ್ತು ಕೇಳಿದರು.

"ಬಟ್ಟಿ ತಗದದ್ದು ಭಾಳ ಚೊಲೊ ಆತು. ಈಗ ದನಿ ಖುಲ್ಲಾ ಬರ್ಲಾಕತ್ತದ" ಅಂದರು.

ಇಷ್ಟು ವರ್ಷ ಆತು, ಆ ಮಾತು ನೆನಪಾದ್ರ ಈಗಲೂ ಮೈ ಉರೀತದ.