ಮರ್ಜೋಹನ್ ಹೊತ್ತುಕೊಂಡ ತಪ್ಪು

ನೆರೆಮನೆಯ ಮರ್ಜೋಹನ್‌ನ ಕೆಲಸ ಕಾಡಿನಲ್ಲಿ ತಂತಿಯ ಉರುಳು ಬಿಚ್ಚುವುದು. ಇಪ್ಪತ್ತೆರಡು ವರ್ಷದಿಂದ ಬಿಚ್ಚುತ್ತಿದ್ದಾನೆ. ಹಂದಿಗೆಂದು ಯಾರೋ ಕಟ್ಟುತ್ತಾರೆ, ಅಜ್ಜನ ಕಾಲು ಸಿಕ್ಕಿಕೊಳ್ಳುತ್ತದೆ. ಕೆರಿಂಚಿ ಬೆಟ್ಟದ ಈ ಮಗ್ಗುಲಲ್ಲಿ ನಾವು ಹುಲಿಯನ್ನು ಹುಲಿ ಎನ್ನುವುದಿಲ್ಲ, ಅಜ್ಜ ಎನ್ನುತ್ತೇವೆ. ಮರ್ಜೋಹನ್‌ನಂಥ ಸಪ್ಪೆ ಮನುಷ್ಯ ಇಡೀ ಸುಮಾತ್ರದಲ್ಲಿ ಇನ್ನೊಬ್ಬನಿಲ್ಲ. ಕಾಫಿಗೆ ಸಕ್ಕರೆ ಕೇಳುವುದಕ್ಕೂ ನಾಚುತ್ತಾನೆ.

ಹೋದ ದುರಿಯನ್ ಹಣ್ಣಿನ ಕಾಲದಲ್ಲಿ ದಾಲ್ಚಿನ್ನಿ ತೋಟದೊಳಗೆ ಅಜ್ಜನ ಹೆಜ್ಜೆ ಗುರುತು ಕಂಡಿತು. ಮೂರು ದಿನ, ಮೂರು ಕಡೆ. ಉದುರಿದ ಹಣ್ಣಿಗೆ ಹಂದಿ ಬಂದಿವೆ, ಹಂದಿಯ ಹಿಂದೆ ಅಜ್ಜ ಬಂದಿದ್ದಾರೆ ಎಂದು ಮರ್ಜೋಹನ್ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಲ್ಲಿ ಯಾರಾದರೂ ಕದ್ದುಮುಚ್ಚಿ ಸಂಬಂಧ ಇಟ್ಟುಕೊಂಡರೆ ಅಜ್ಜ ಎಚ್ಚರಿಸಲು ಬರುತ್ತಾರೆ ಎಂಬುದು ನಮ್ಮವರ ನಂಬಿಕೆ. ತಪ್ಪು ಮಾಡಿದವರು ಒಪ್ಪಿಕೊಂಡು, ಆಡು ಕೊಯ್ದು ಊರಿಗೆ ಉಣಿಸಬೇಕು. ಆಮೇಲೆ ಅಜ್ಜನ ತಂಟೆಗೆ ಯಾರೂ ಹೋಗುವಂತಿಲ್ಲ.

ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಕುಲದ ಹಿರಿಯರಾದ ದಾತುಕ್ ಬರ್ಮಾವಿ ಎಲ್ಲರನ್ನೂ ಕೂರಿಸಿ ವಿಚಾರಿಸಿದರು. ಒಬ್ಬಳು ಎದ್ದು, ನಾದಿನಿಯ ಮನೆಯ ಕೋಳಿಮೊಟ್ಟೆ ಕದ್ದದ್ದನ್ನು ಒಪ್ಪಿಕೊಂಡಳು.

"ಮೊಟ್ಟೆಗೆಲ್ಲ ಅಜ್ಜ ಬೆಟ್ಟ ಇಳಿಯಲ್ಲಮ್ಮ, ಕೂತ್ಕೊ," ಎಂದರು ದಾತುಕ್.

ಕಾಫಿ ತೋಟದ ಸಫ್ರಿಲ್ ಎದ್ದ. "ತಪ್ಪು ಮಾಡಿದೋರೇ ಇಲ್ಲ ಅಂದ್ಮೇಲೆ ಇದು ಬರೀ ಕಾಡುಪ್ರಾಣಿ. ನಾಳೆ ಬೆಳಗ್ಗೆ ತಂತಿ ಕಟ್ತೀನಿ."

ಆಗ ಮರ್ಜೋಹನ್ ಎದ್ದು ನಿಂತ. "ನಾನು ಮಾಡಿದೀನಿ."

ಮೊದಲು ನಕ್ಕವಳು ಅವನ ಹೆಂಡತಿ ಯುಸ್ನಿಯಾರ್. "ನೀವಾ? ನಾನು ಸೊಳ್ಳೆಪರದೆ ಕಟ್ಟೋದ್ರೊಳಗೆ ಗೊರಕೆ ಹೊಡೀತಿರ್ತೀರಿ. ಯಾರ ಜೊತೆ ಅಂತ ಹೇಳಿ, ಆ ಪುಣ್ಯಾತ್ಗಿತ್ತೀನ ನಾನೂ ನೋಡ್ಬೇಕು."

ಅವನು ಹೆಸರು ಯೋಚಿಸಿಟ್ಟುಕೊಂಡಿರಲಿಲ್ಲ. ಎದುರಿಗೆ ಕಂಡವಳು ನಾನು. ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷ. ಬಡಿಗೆ ಹಿಡಿದು ಬರಲು ಅಣ್ಣತಮ್ಮಂದಿರೂ ಇಲ್ಲ.

"ರೊಸ್ಮಾ ಅಕ್ಕನ ಜೊತೆ," ಎಂದ.

ನನಗೆ ಎಪ್ಪತ್ತೊಂದು. ಅವನಿಗೆ ಐವತ್ತನಾಲ್ಕು.

"ನಿಜವೇನಮ್ಮ ರೊಸ್ಮಾ?" ಎಂದು ದಾತುಕ್ ಕೇಳಿದರು.

ನಾನು ಸುಳ್ಳು ಹೇಳುವವಳಲ್ಲ. ಆದರೆ ಸಫ್ರಿಲ್‌ನ ಭುಜದ ಮೇಲೆ ಆಗಲೇ ಬೈಕಿನ ಬ್ರೇಕ್ ತಂತಿಯ ಸುರುಳಿ ಇತ್ತು, ಆರು ಉರುಳಿಗೆ ಆಗುವಷ್ಟು.

"ಹೌದು," ಎಂದೆ.

"ಎಷ್ಟು ಸಲ?" ಎಂದಿತು ಹಿಂದಿನಿಂದ ಒಂದು ಗಂಡು ದನಿ.

"ಒಂದೇ ಸಲ. ನಂಗೆ ಸೊಂಟ ನೋವು."

"ಇಬ್ರೂ ಸುಳ್ಳು ಹೇಳ್ತಿದಾರೆ ದಾತುಕ್," ಎಂದು ಸಫ್ರಿಲ್ ಹಾರಾಡಿದ.

ದಾತುಕ್ ಗಡ್ಡ ಸವರಿಕೊಂಡರು. "ಇರಬಹುದು. ಆದ್ರೆ ಒಪ್ಕೊಂಡಿದಾರಲ್ಲ. ಆಡಿನ ಊಟ ಬೇಡ ಅನ್ನೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಸಫ್ರಿಲ್ ಎತ್ತಹೋದ ಕೈಯನ್ನು ಅವನ ಹೆಂಡತಿಯೇ ಹಿಡಿದು ಕೆಳಗಿಳಿಸಿದಳು.

ಆಡು ನನ್ನದು, ಮೆಣಸಿನಕಾಯಿ ಅರೆದವಳು ಯುಸ್ನಿಯಾರ್. ಮಾಂಸ ತೆಂಗಿನ ಹಾಲಿನಲ್ಲಿ ಕಪ್ಪಗಾಗುವವರೆಗೆ ಬೆಂದಿತು. ಸಫ್ರಿಲ್ ಮೂರು ಸಲ ಬಡಿಸಿಕೊಂಡ. ಉಂಡ ಮೇಲೆ ದಾತುಕ್ ಹೇಳಿದಂತೆ ತಂತಿಯ ಸುರುಳಿಯನ್ನು ಮರ್ಜೋಹನ್‌ನ ಕೈಗೆ ಕೊಟ್ಟ.

ಹಣ್ಣು ಮುಗಿಯಿತು, ಹಂದಿಗಳು ಹೋದವು. ಊಟವಾದ ಹನ್ನೆರಡನೆಯ ದಿನ ಅಜ್ಜನ ಹೆಜ್ಜೆ ಹಳ್ಳ ದಾಟಿ ಬೆಟ್ಟದ ಕಡೆ ಮುಖ ಮಾಡಿತ್ತು. ನಾಲ್ಕೂ ಪಾದಗಳ ಗುರುತು ನೆಟ್ಟಗಿತ್ತು, ಯಾವ ಕಾಲೂ ಕುಂಟಿರಲಿಲ್ಲ. ಮರ್ಜೋಹನ್ ಓಡಿಬಂದು ಅದನ್ನು ಮೊದಲು ನನಗೆ ಹೇಳಿದ. ತನ್ನ ಮನೆಗೆ ಹೋದದ್ದು ಆಮೇಲೆ.

ಅದೇ ತಪ್ಪಾಯಿತು. ಈಗ ಅವನು ಕಾಡಿನಿಂದ ಬರುವುದು ತಡವಾದರೆ ಯುಸ್ನಿಯಾರ್ ಬೇಲಿಯ ಹತ್ತಿರ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ:

"ಅಕ್ಕಾ, ನಮ್ಮನೇವ್ರು ಇನ್ನೂ ಬಂದಿಲ್ಲ. ನಿಮ್ಮಲ್ಲೂ ಇಲ್ಲ ಅಂದ್ರೆ ಮಾತ್ರ ಹುಡುಕೋಕೆ ಜನ ಕಳಿಸ್ತೀನಿ."