ಅವ್ವನ ಚೌಕಾಬಾರದ ಕಲ್ಲು

ಕಂಟೋನ್ಮೆಂಟ್ ಕಡೆಯ ಒಂದು ಕಾಲೇಜಿನಲ್ಲಿ, ಭೂವಿಜ್ಞಾನ ವಿಭಾಗದಲ್ಲಿ ನಾನು ಅಟೆಂಡರ್ ಆಗಿದ್ದೆ. ಕಲ್ಲುಗಳ ಧೂಳು ಒರೆಸುವುದು, ಕಿತ್ತುಹೋದ ನಂಬರು ಚೀಟಿಗಳನ್ನು ಮತ್ತೆ ಅಂಟಿಸುವುದು, ಪ್ರಾಕ್ಟಿಕಲ್ ಇದ್ದ ದಿನ ಅವನ್ನೆಲ್ಲ ಟ್ರೇಗಳಲ್ಲಿ ಜೋಡಿಸುವುದು, ಡ್ರಾಪರ್ ಬಾಟಲಿಗಳಿಗೆ ನೀರು ಬೆರೆಸಿದ ಆಸಿಡ್ ತುಂಬುವುದು, ಇಷ್ಟು ನನ್ನ ಕೆಲಸ. ಸೇರಿದಾಗ ಎಸ್ಸೆಸ್ಸೆಲ್ಸಿ ಫೇಲ್, ನಿವೃತ್ತನಾದಾಗಲೂ ಎಸ್ಸೆಸ್ಸೆಲ್ಸಿ ಫೇಲ್. ಆದರೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅದೇ ಪಾಠವನ್ನು ವರ್ಷ ವರ್ಷವೂ ಕೇಳಿದವನಿಗೆ ಜಂಬ ಬಾರದೆ ಇರುತ್ತದೆಯೇ? ಮಕ್ಕಳು ಸ್ಫಟಿಕ ಹಿಡಿದು ಕ್ಯಾಲ್ಸೈಟ್ ಎಂದರೆ ಮೇಡಂಗಿಂತ ಮೊದಲು ನಾನೇ ಗದರುತ್ತಿದ್ದೆ. "ಬ್ಲೇಡಲ್ಲಿ ಗೀರಿ ನೋಡಮ್ಮ. ಗೀರು ಬಿತ್ತಾ? ಇಲ್ಲ ತಾನೆ? ಮತ್ತೆ ಹೆಂಗೆ ಕ್ಯಾಲ್ಸೈಟ್ ಆಗುತ್ತೆ?" ಬೆನ್ನ ಹಿಂದೆ ನನ್ನನ್ನು ಪ್ರೊಫೆಸರ್ ಎಂದು ಕರೆದು ನಗುತ್ತಿದ್ದರು. ಕೇಳಿಸಿದರೂ ಕೇಳಿಸದವನಂತೆ ಇರುತ್ತಿದ್ದೆ. ಆ ಹೆಸರು ನನಗೆ ಇಷ್ಟವೇ ಆಗಿತ್ತು.

ಸುಣ್ಣದ ಕಲ್ಲಿನ ಪಾಠವಂತೂ ಕಂಠಪಾಠ. ವಿಭಾಗದ ಮುಖ್ಯಸ್ಥೆಯಾಗಿದ್ದ ಮೇಡಂ ಒಂದು ಕೈಯಲ್ಲಿ ಗ್ರಾನೈಟ್, ಇನ್ನೊಂದರಲ್ಲಿ ಸುಣ್ಣದ ಕಲ್ಲು ಹಿಡಿದು ಶುರು ಮಾಡುತ್ತಿದ್ದರು. ಗ್ರಾನೈಟ್ ನೆಲದಾಳದ ಕುದಿಯಲ್ಲಿ ಕರಗಿ, ನಿಧಾನವಾಗಿ ಆರಿ ಹರಳುಗಟ್ಟಿದ್ದು. ಸುಣ್ಣದ ಕಲ್ಲು ನೀರಿನಲ್ಲಿ ಹುಟ್ಟಿದ್ದು. ಎಂದೋ ಇದ್ದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು, ಮೇಲಿನ ಪದರದ ಭಾರಕ್ಕೆ ಕೆಳಗಿನದರ ನೀರು ಹಿಂಡಿಹೋಗಿ, ಗಟ್ಟಿಯಾಗುತ್ತಾ ಆಗುತ್ತಾ ಕಲ್ಲಾದದ್ದು. ಆಮೇಲೆ ಎರಡರ ಮೇಲೂ ಒಂದೊಂದು ಹನಿ ಆಸಿಡ್. ಗ್ರಾನೈಟ್ ಸುಮ್ಮನಿರುತ್ತದೆ, ಸುಣ್ಣದ ಕಲ್ಲು ಚುಸ್ಸೆಂದು ನೊರೆ ಉಗುಳುತ್ತದೆ. "ನೊರೆ ಬರ್ತಿದೆ ಅಂದ್ರೆ ಕಲ್ಲು ಹೋಗ್ತಿದೆ ಅಂತ ಅರ್ಥ. ಹೋದದ್ದು ವಾಪಸ್ ಬರಲ್ಲ. ಅದಕ್ಕೇ ಒಂದೇ ಹನಿ ಹಾಕಿ," ಎನ್ನುತ್ತಿದ್ದರು ಮೇಡಂ. ಆ ಹನಿಯ ಬಾಟಲಿ ತುಂಬಿದವನು ನಾನು.

ನಮ್ಮ ಮನೆಯಲ್ಲೂ ಒಂದು ಸುಣ್ಣದ ಕಲ್ಲಿತ್ತು. ನಮ್ಮದು ಕಲಬುರಗಿ ಕಡೆಯ ಊರು. ಅಲ್ಲಿ ನೆಲಕ್ಕೆ ಹಾಸುವ ಬೂದು ಬಣ್ಣದ ಚಪ್ಪಡಿಗೆ ಪರಸಿ ಎನ್ನುತ್ತಾರೆ. ಬೆಂಗಳೂರಿನವರು ಶಹಾಬಾದ್ ಕಲ್ಲು ಎನ್ನುವುದು ಅದನ್ನೇ. ಅಪ್ಪ ಪರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸದಲ್ಲಿದ್ದ. ಮದುವೆಯಾದ ಹೊಸದರಲ್ಲಿ, ಮೂಲೆ ಮುರಿದು ಮಾರಾಟಕ್ಕೆ ಬಾರದ ಒಂದು ಚಪ್ಪಡಿಯನ್ನು ಹೊತ್ತು ತಂದು, ಅದರ ಮೇಲೆ ಉಳಿಯಿಂದ ಚೌಕಾಬಾರದ ಮನೆಗಳನ್ನು ಕೊರೆದು ಅವ್ವನಿಗೆ ಕೊಟ್ಟಿದ್ದ. ಅಡ್ಡ ಐದು, ಉದ್ದ ಐದು, ಕಟ್ಟೆಮನೆಗಳಿಗೆ ಒಂದೊಂದು ಕತ್ತರಿ ಗುರುತು. ಬೇರೆ ಗಂಡಂದಿರು ಬೆಂಡೋಲೆ ತಂದರೆ ನಿಮ್ಮಪ್ಪ ಬಂಡೆ ತಂದ ಎಂದು ಅವ್ವ ಹಂಗಿಸುತ್ತಿದ್ದಳು. ಹಂಗಿಸುವಾಗ ಅವಳ ಮುಖ ನೋಡಬೇಕಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಅಪ್ಪ ಜ್ವರ ಬಂದು ತೀರಿಕೊಂಡ. ಅವನ ಫೋಟೋ ಒಂದೂ ಇರಲಿಲ್ಲ. ಅವನದೆಂದು ಅವ್ವನ ಬಳಿ ಉಳಿದದ್ದು ಆ ಕಲ್ಲೊಂದೇ. ಕೆ.ಆರ್. ಪುರಂ ಕಡೆಗೆ ಪರಸಿ ತರುವ ಲಾರಿಯಲ್ಲೇ ನಾವು ಬೆಂಗಳೂರಿಗೆ ಬಂದೆವು, ಕಲ್ಲೂ ಬಂತು. ಕಗ್ಗದಾಸಪುರದಲ್ಲಿ ಐದು ಬಾಡಿಗೆ ಮನೆ ಬದಲಿಸಿದೆವು. ಪ್ರತಿ ಸಲವೂ ಅದನ್ನು ಮೆಟ್ಟಿಲು ಹತ್ತಿಸುವಾಗ ನಾನು ಬೈದುಕೊಂಡಿದ್ದೇನೆ. ಹೆಂಡತಿ ಬಂದ ಮೇಲೆ ಇಬ್ಬರೂ ಸೇರಿ ಹೊತ್ತೆವು. ಅವಳು ಒಮ್ಮೆಯೂ ಬೈಯಲಿಲ್ಲ.

ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಮಂಜಾಗುತ್ತ ಹೋಯಿತು. ಟಿವಿ ಬಿಟ್ಟಳು, ಸೂಜಿ ಬಿಟ್ಟಳು, ಕೊನೆಗೆ ಒಬ್ಬಳೇ ಮೆಟ್ಟಿಲಿಳಿಯುವುದನ್ನೂ ಬಿಟ್ಟಳು. ಚೌಕಾಬಾರ ಮಾತ್ರ ಬಿಡಲಿಲ್ಲ. ಮನೆ ಮುಂದಿನ ಕಾರಿಡಾರಿನಲ್ಲಿ ಹಾಸಿದ್ದ ಆ ಕಲ್ಲಿನ ಮುಂದೆ ಮಧ್ಯಾಹ್ನ ಊಟವಾದ ಮೇಲೆ ಕೂರುತ್ತಿದ್ದಳು. ಒಂದು ಮಗ್ಗುಲು ತೇದ ಹುಣಸೆ ಬೀಜಗಳೇ ದಾಳ. ತನ್ನ ಕಾಯಿ ಬಳೆಚೂರು, ಅಪ್ಪನ ಕಾಯಿ ಸಣ್ಣ ಹರಳುಗಲ್ಲು. ಎರಡೂ ಕಡೆಯ ಆಟ ಅವಳದೇ. ತೋರುಬೆರಳಿನ ತುದಿಯಿಂದ ಗೆರೆ ಹಿಡಿದು ಮನೆ ಎಣಿಸುತ್ತಿದ್ದಳು. ವರ್ಷಗಳಿಂದ ಸವೆದ ಗೆರೆ, ನಮಗಾದರೆ ಹುಡುಕಿದರಷ್ಟೇ ಕೈಗೆ ಹತ್ತುತ್ತಿತ್ತು. ಅಪ್ಪನ ಕಾಯಿ ಹಣ್ಣಾದರೆ "ಗೆದ್ದಿ ಬಿಡಪಾ, ನಿಂದೇ ನಡೀಲಿ," ಎಂದು ಮೂಗು ಮುರಿಯುತ್ತಿದ್ದಳು.

ಅವಳಿಗೂ ನಾನು ಪಾಠ ಮಾಡಿದ್ದೆ. ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರಾಗಿತ್ತು ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕುಡೀಲಾಕ ನೀರಿಲ್ಲ ನಮ್ಮೂರಾಗ. ಸಮುದ್ರ ಎಲ್ಲಿತ್ತೋ ಯಪ್ಪಾ?"

"ಇತ್ತವ್ವ, ಮನುಷ್ಯರು ಹುಟ್ಟೂದಕ್ಕಿಂತ ಎಷ್ಟೋ ಮೊದ್ಲ."

"ಹಂಗಾದ್ರ ನೋಡ್ದಾವ್ರು ಯಾರು? ನಿಮ್ಮ ಮೇಡಮ್ಮಾ?"

ಬೋರ್‌ವೆಲ್ ನೀರಿನ ಪಾಠವೂ ಆಗಿತ್ತು. ಕಗ್ಗದಾಸಪುರದಲ್ಲಿ ಬರುವ ನೀರು ಗಡಸು. ನೆಲದೊಳಗೆ ಹರಿಯುವಾಗ ನೀರು ಕಲ್ಲನ್ನು ಚೂರು ಚೂರೇ ಕರಗಿಸಿಕೊಂಡು ಬರುತ್ತದೆ, ಕಾದಾಗ, ಆರಿದಾಗ ಅದನ್ನೇ ಬಿಟ್ಟು ಹೋಗುತ್ತದೆ. ಹಂಡೆಯ ಒಳಗೆ, ನಲ್ಲಿಯ ಮೂತಿಗೆ ಕಟ್ಟುವ ಬಿಳಿ ಪೊರೆಯೂ ಸುಣ್ಣವೇ, ಪರಸಿಯೂ ಸುಣ್ಣವೇ, ಎರಡೂ ಒಂದೇ ಜಾತಿ ಎಂದು ಹೆಂಡತಿಗೆ ದೊಡ್ಡದಾಗಿ ವಿವರಿಸಿದ್ದೆ. ಇಷ್ಟು ತಿಳಿದವನು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ತಿಳಿಯದೆ ಮಾಡಿದೆ ಎನ್ನುವ ದಾರಿಯೂ ನನಗಿಲ್ಲ.

ನಿವೃತ್ತಿಯಾದ ವಾರ ಮೇಡಂ ಮತ್ತು ಇಬ್ಬರು ಲೆಕ್ಚರರುಗಳು ಮನೆಗೆ ಊಟಕ್ಕೆ ಬರುತ್ತೇವೆಂದರು. ಅಷ್ಟು ವರ್ಷದಲ್ಲಿ ಕಾಲೇಜಿನವರು ಯಾರೂ ನಮ್ಮ ಮನೆ ಹೊಸ್ತಿಲು ತುಳಿದಿರಲಿಲ್ಲ. ಕಾಲೇಜಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆ, ನಾನು ಎಂಥ ಮನೆಯಿಂದ ಬರುತ್ತೇನೆಂದು ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದವನೇ ಮನೆಯನ್ನು ಅವರ ಕಣ್ಣಿನಿಂದ ನೋಡತೊಡಗಿದೆ. ಗೋಡೆಯ ತೇವ, ಸುಟ್ಟ ಸ್ವಿಚ್ಚು, ಕಾರಿಡಾರಿನಲ್ಲಿ ಕೊಡಗಳ ಪಕ್ಕದ ಅವ್ವನ ಕಲ್ಲು. ಅದರ ಮೇಲೆ ಕೊಡದ ನೀರು ಚೆಲ್ಲಿ ಚೆಲ್ಲಿ ಬಿಳಿ ಪೊರೆ ಕಟ್ಟಿತ್ತು. ಮೆಟ್ಟಿಲು ಹತ್ತಿದ ಕೂಡಲೇ ಕಾಣುವುದೇ ಅದು. ಬಾಣಸವಾಡಿಯಲ್ಲಿ ನನ್ನ ಮಗಳ ಮನೆಗೆ ಹೋಗಿದ್ದ ಅವ್ವ ಬರುವುದು ಮಧ್ಯಾಹ್ನಕ್ಕಿತ್ತು. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸೈಕಲ್ಲಿನಲ್ಲಿ ಫಿನಾಯಿಲು ಮಾರುವವನಿಂದ ತಂದಿದ್ದ ಬಾತ್‌ರೂಮ್ ಆಸಿಡ್ ಬಚ್ಚಲಲ್ಲಿತ್ತು. ತಂದು ಸುರಿದೆ.

ಬುಸ್ಸೆಂದು ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ. ಪೊರೆಯ ಜೊತೆಗೆ ಕಲ್ಲೂ ಹೋಗುತ್ತಿದೆ ಎಂಬುದು ತಲೆಗೇ ಬರಲಿಲ್ಲ. ಕಾಲೇಜಿನಲ್ಲಿ ಆಸಿಡ್ ಗಾಜಿನ ಬಾಟಲಿಯಲ್ಲಿ, ಹನಿ ಲೆಕ್ಕದಲ್ಲಿ ಇರುತ್ತಿತ್ತು. ಇಲ್ಲಿ ಪ್ಲಾಸ್ಟಿಕ್ ಕ್ಯಾನು, ಕೈಯಲ್ಲಿ ಬ್ರಶ್ಶು, ಮೈಯಲ್ಲಿ ಅವಸರ. ಕಲೆ ಪೂರ್ತಿ ಹೋಗಲಿಲ್ಲವೆಂದು ಇನ್ನೊಂದು ಸಲ ಸುರಿದು ಗಸಗಸ ಉಜ್ಜಿದೆ. ನೀರು ಹೊಯ್ದು ನೋಡಿದರೆ ಅವ್ವನ ಕೈಯಾಡಿ ಆಡಿ ಕನ್ನಡಿಯಾಗಿದ್ದ ಕಲ್ಲು ಬೂದಿ ಬಳಿದಂತೆ ಮಂಕಾಗಿತ್ತು. ಮುಟ್ಟಿದೆ. ಎಲ್ಲೆಲ್ಲೂ ತರಿತರಿ. ಓರೆಯಾಗಿ ಬಗ್ಗಿ ನೋಡಿದರೆ ಗೆರೆಗಳು ಮಸುಕಾಗಿ ಕಾಣುತ್ತಿದ್ದವು, ಕೈಗೆ ಮಾತ್ರ ಒಂದೂ ಸಿಗಲಿಲ್ಲ. ಆಗ ಮೇಡಂ ಮಾತು ನೆನಪಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನನ್ನ ಭೂವಿಜ್ಞಾನವೂ ಹಾಗೇ ಆಯಿತು.

ಅವ್ವನಿಗೆ ಹೇಗೆ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಮಗಳು ಅವಳನ್ನು ಆಟೋದಲ್ಲಿ ಕರೆತಂದು ಬಿಟ್ಟುಹೋದಳು. ಹಿಂದೆಯೇ ಮೇಡಂ ಮತ್ತು ಲೆಕ್ಚರರುಗಳು ಬಂದರು. ಅವ್ವನನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದ್ದೆ. ಮೇಡಂ ಮೆಟ್ಟಿಲು ಹತ್ತಿ, ಚಪ್ಪಲಿ ಬಿಡಲು ಬಗ್ಗಿದವರು ಹಾಗೇ ನಿಂತರು.

"ಅರೆ, ಶಹಾಬಾದ್ ಸ್ಟೋನ್! ಇದೇನು ಗೆರೆ? ಚೌಕಾಬಾರನಾ? ಅಯ್ಯೋ, ಯಾರ್ರೀ ಇದಕ್ಕೆ ಆಸಿಡ್ ಹಾಕಿದ್ದು?"

ಮೂರೂ ಜನ ನನ್ನನ್ನೇ ನೋಡಿದರು. ಬಾಯಿಂದ ಮಾತು ತಾನಾಗಿ ಬಂತು, ಒಂದು ಗಳಿಗೆಯೂ ತಡವರಿಸಲಿಲ್ಲ.

"ನಮ್ಮ ತಾಯಿ ಮೇಡಂ. ಕಣ್ಣು ಕಾಣಲ್ಲ, ನೀರು ಅಂದ್ಕೊಂಡು ಸುರಿದುಬಿಟ್ಟಿದಾರೆ. ನಾನು ಮನೇಲಿರಲಿಲ್ಲ."

ಅವ್ವ ಎರಡು ಮಾರು ದೂರದಲ್ಲಿದ್ದಳು. ತನ್ನ ಕಲ್ಲಿಗೆ ಏನೋ ಆಗಿದೆ ಎಂಬುದು ಅವಳಿಗೆ ಗೊತ್ತಾದದ್ದೇ ಆ ಕ್ಷಣ, ಅದೂ ತಾನೇ ಮಾಡಿದ್ದೆಂದು. ಅವಳ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು. ನಾನು ನೋಡಿದೆ. ಆಮೇಲೆ ದನಿ ಬಂದ ಕಡೆಗೆ ಮುಖ ತಿರುಗಿಸಿ ಕೈ ಮುಗಿದಳು.

"ಹೌದ್ರೀ ಯವ್ವಾ, ನಾನೇ ಹಾಕೀನಿ. ಕಣ್ಣ ಕಾಣಂಗಿಲ್ಲ ನೋಡ್ರಿ. ಒಳಗ ಬರ್ರಿ, ಕೂಡ್ರಿ."

"ಪರವಾಗಿಲ್ಲ ಅಮ್ಮ, ಗೊತ್ತಿಲ್ದೆ ಆಗೋದಲ್ವಾ," ಎಂದರು ಮೇಡಂ. ನನಗೆ ಮಾತ್ರ ಸಣ್ಣಗೆ ಗದರಿದರು. "ನೀವಾದ್ರೂ ಹೇಳ್ಕೊಡಬಾರದಿತ್ತಾ? ಮನೇಲೇ ಜಿಯಾಲಜಿ ಇಟ್ಕೊಂಡು?" ನಾನು ತಲೆ ಕೆರೆದುಕೊಂಡು ನಕ್ಕೆ. ಎಣ್ಣೆಗಾಯಿ ಚೆನ್ನಾಗಿದೆ ಎಂದು ಎರಡೆರಡು ಸಲ ಹಾಕಿಸಿಕೊಂಡರು. ಶಾಲು ಹೊದಿಸಿದರು, ಫೋಟೋ ತೆಗೆದರು. ಫೋಟೋದಲ್ಲಿ ಅವ್ವ ನನ್ನ ಪಕ್ಕದಲ್ಲೇ ಇದ್ದಾಳೆ.

ಅವರು ಹೋದ ಮೇಲೆ ಅವ್ವ ಗೋಡೆ ಹಿಡಿದುಕೊಂಡು ಕಾರಿಡಾರಿಗೆ ಬಂದು ಕೂತಳು. ಮೊದಲು ಅಂಗೈ ಆಡಿಸಿದಳು, ಆಮೇಲೆ ತೋರುಬೆರಳು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ಹಿಂದಕ್ಕೆ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಬೆರಳು ಹಿಡಿದು ಮಸುಕು ಗೆರೆಯ ಮೇಲಿಟ್ಟೆ.

"ಇಲ್ಲೇ ಅದ ನೋಡವ್ವ."

"ಕೈಗಿ ತಿಳಿವಲ್ದು," ಎಂದಳು.

ಅಷ್ಟೇ. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಮಗ ಹೊರಗಿನವರ ಮುಂದೆ ಮುಖ ಉಳಿಸಿಕೊಂಡ, ಅದಕ್ಕೆ ತಾನು ಹೆಗಲು ಕೊಟ್ಟೆ, ಅಲ್ಲಿಗೆ ಮುಗಿಯಿತು ಎನ್ನುವ ಹಾಗೆ ಎದ್ದು ಒಳಗೆ ಹೋದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಹೆಂಡತಿ ಚಹಾ ಕೊಡುತ್ತಾ, "ಅತ್ತಿ ಮುಂದ ಒಪ್ಕೋರಿ. ಅವ್ರೇನೂ ಅನ್ನಂಗಿಲ್ಲ," ಎಂದಳು. ನಿನ್ನ ಕೆಲಸ ನೀನು ನೋಡಿಕೊ ಎಂದು ಅವಳ ಮೇಲೇ ಹಾರಿಬಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ವಾರವೇ ಶಿವಾಜಿನಗರದ ಆಚೆ ಸಮಾಧಿ ಕಲ್ಲು ಕೆತ್ತುವ ಒಬ್ಬರನ್ನು ಹುಡುಕಿ, ಗೆರೆಗಳನ್ನು ಹೊಸದಾಗಿ ಆಳವಾಗಿ ಕೊರೆದುಕೊಡಲು ಒಪ್ಪಿಸಿ ಬಂದೆ. ಸುದ್ದಿ ಹೇಳಿದರೆ ಅವ್ವ ತಲೆ ಆಡಿಸಿದಳು. "ಬ್ಯಾಡಪಾ. ಅದು ನಿಮ್ಮಪ್ಪ ಕೊರ್ದಿದ್ದು ಆಗಂಗಿಲ್ಲ." ಹುಣಸೆ ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಂಕಿಗೆ ಹಾಕಿದಳು. ಮತ್ತೆ ಆಡಲಿಲ್ಲ. ಮಧ್ಯಾಹ್ನ ಅದೇ ಹೊತ್ತಿಗೆ ಕಾರಿಡಾರಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು, ಕೈ ಮಡಿಲಲ್ಲಿ.

ಊರಿನಿಂದ ಬಂದವರು ಆಟ ಯಾಕೆ ಬಿಟ್ಟಿ ಎಂದು ಕೇಳಿದರೆ ನಾನು ಒಳಗೆ ಎದ್ದು ಹೋಗುತ್ತಿದ್ದೆ. "ನಾನೇ ಆಸಿಡ್ ಹಾಕಿ ಹಾಳ ಮಾಡ್ಕೊಂಡೆ," ಎನ್ನುತ್ತಿದ್ದಳು. ಮೊದಮೊದಲು ನನಗಾಗಿ ಹೇಳುತ್ತಿದ್ದಳು, ಅದು ಅವಳ ದನಿಯಲ್ಲೇ ತಿಳಿಯುತ್ತಿತ್ತು. ಬರುಬರುತ್ತಾ ಕಥೆಗೆ ಕೈಕಾಲು ಬಂದವು. ಯಾವ ಕೊಡ, ಯಾವ ಹೊತ್ತು, ವಾಸನೆ ಹೇಗೆ ಬಂತು, ಎಲ್ಲವನ್ನೂ ಸೇರಿಸಿ ಹೇಳತೊಡಗಿದಳು. ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಆಡಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು, ಅವಳು ತೀರಿಕೊಳ್ಳುವವರೆಗೆ, ನನಗೆ ಎರಡು ವರ್ಷ ಇತ್ತು. ದಿನಾ ಅವಳ ಕಾಲು ತೊಳೆದು ಮುಲಾಮು ಹಚ್ಚುತ್ತಿದ್ದವನು ನಾನೇ. ಆಗೆಲ್ಲ ಇಬ್ಬರೇ ಇರುತ್ತಿದ್ದೆವು.

ಹೋದ ವರ್ಷ, ಅವಳು ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನಿಮ್ಮಪ್ಪ ಕೊರ್ದಿದ್ದು ನನ್ನ ಕೈಯಾರೆ ಅಳಿಸಿಬಿಟ್ಟೆ ನೋಡು. ಅವ್ರ ಮುಂದ ಹೋಗಿ ಏನಂತ ಹೇಳ್ಲಿ?"

ನಾನು ಇನ್ನೊಂದು ಕೈಯಿಂದ ಅವಳ ಗಲ್ಲಕ್ಕೆ ಇಳಿದಿದ್ದ ಗಂಜಿ ಒರೆಸಿದೆ.

"ನೀ ಒಂದಿನಾನೂ ನನಗ ಬೈಲಿಲ್ಲ. ಭಾಳ ದೊಡ್ಡ ಮನಸ್ಸಪಾ ನಿಂದು."

ಅವಳು ನಿಜವಾಗಿಯೂ ಹಾಗೆ ನಂಬಿದ್ದಳೋ, ಬಾಯಿ ಬಿಡಲು ನನಗೆ ಕೊನೆಯದಾಗಿ ಒಂದು ದಾರಿ ಮಾಡಿಕೊಟ್ಟಳೋ, ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಾನು ಮುಂದಿನ ಚಮಚ ಅವಳ ತುಟಿಗೆ ಹಿಡಿದು, "ಹೋಗ್ಲಿ ಬಿಡವ್ವ," ಎಂದೆ.